ಕೆಳದಿಯ ಪುಟ್ಟ ಸೈನ್ಯ: ಪೇಟಕ್ಕಿಂತ ಮೊದಲು ನಿಲುವು

1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಮೊಘಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೊರಟಾಗ ಕೆಳದಿಯ ರಾಣಿ ಚೆನ್ನಮ್ಮನು ಅವನಿಗೆ ಆಶ್ರಯ ಕೊಟ್ಟಳು. ಅದರಿಂದ ಕೆರಳಿದ ಔರಂಗಜೇಬನು ಕಳುಹಿಸಿದ ಸೈನ್ಯವನ್ನು ಅವಳು ಎದುರಿಸಿ ನಿಂತಳು. ಶಿವಮೊಗ್ಗ ಜಿಲ್ಲೆಯಲ್ಲಿ ಶಾಲೆ ಕಲಿತ ಬಹುಪಾಲು ಜನರಿಗೆ ಈ ಕಥೆ ಗೊತ್ತಿರುತ್ತದೆ. ಆ ಸಂಘರ್ಷವನ್ನು ಮೇಜಿನ ಮೇಲೆ ಆಡಿ ನೋಡಬೇಕು, ಅದಕ್ಕಾಗಿ ಕೆಳದಿಯ ಒಂದು ಪುಟ್ಟ ಸೈನ್ಯವನ್ನು ನನ್ನ ಕೈಯಾರೆ ಕಟ್ಟಬೇಕು ಎಂಬ ಆಸೆ ನನ್ನಲ್ಲಿ ಬಹುಕಾಲದಿಂದ ಇತ್ತು. ಈಗ ಆ ಕೆಲಸದ ನಡುವೆ ಇದ್ದೇನೆ. ಬೊಂಬೆಗಳನ್ನು ಬದಲಾಯಿಸುವುದರ ಬಗ್ಗೆ ಮತ್ತು ಅವುಗಳಿಗೆ ಬಣ್ಣ ಹಚ್ಚುವುದರ ಬಗ್ಗೆ ನನಗೆ ಮುಖ್ಯವೆನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಹವ್ಯಾಸದ ಪರಿಚಯವಿಲ್ಲದವರಿಗೆ ಎರಡು ಮಾತು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜಿನ ಮೇಲೆ ಗುಡ್ಡ, ಕಾಡು, ಹೊಳೆಗಳನ್ನು ಜೋಡಿಸಿ, ಅಳತೆಪಟ್ಟಿಯಿಂದ ದೂರ ಅಳೆದು ತುಕಡಿಗಳನ್ನು ಸರಿಸುತ್ತಾ, ದಾಳ ಉರುಳಿಸಿ ಹೊಡೆತಗಳ ಫಲ ತಿಳಿಯುತ್ತಾ ಇಬ್ಬರು ಆಡುವ ಯುದ್ಧದಾಟಕ್ಕೆ ವಾರ್‌ಗೇಮಿಂಗ್ ಎನ್ನುತ್ತಾರೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಪ್ರಕಟಿಸಿದ ನಿಯಮಗಳು ಅಲ್ಲಿನ ಅಧಿಕಾರಿಗಳ ತರಬೇತಿಗೆ ಬಳಕೆಯಾದವು. ಇಂದಿನ ಆಟಗಳ ಬೇರು ಅಲ್ಲಿಯವರೆಗೂ ಹೋಗುತ್ತದೆ. ಬೊಂಬೆಗಳ ಅಳತೆಯಲ್ಲಿ 15 ಮಿಲಿಮೀಟರ್ ಮತ್ತು 28 ಮಿಲಿಮೀಟರ್ ಎರಡೂ ಹೆಚ್ಚು ಬಳಕೆಯಲ್ಲಿವೆ. ನನ್ನದು 28ರದ್ದು. ಮೊಘಲ್ ಸೈನಿಕರ ಲೋಹದ ಬೊಂಬೆಗಳು ಇಂಗ್ಲೆಂಡಿನ ತಯಾರಕರಲ್ಲಿ ಸಿದ್ಧವಾಗಿ ಸಿಗುವುದರಿಂದ ಎದುರಾಳಿಯಾದ ಗೆಳೆಯನಿಗೆ ಕೊಳ್ಳುವುದಷ್ಟೇ ಕೆಲಸ. ಕೆಳದಿಯ ಪದಾತಿಯನ್ನು ಮಾತ್ರ ಬೇರೆ ಬೇರೆ ಯುದ್ಧಗಳಿಗಾಗಿ ಅಚ್ಚು ಹಾಕಿದ ಪ್ಲಾಸ್ಟಿಕ್ ಬೊಂಬೆಗಳಿಂದ ಕತ್ತರಿಸಿ, ಜೋಡಿಸಿ, ಮೇಣದಂಥ ಪುಟ್ಟಿಯಿಂದ ತಿದ್ದಿ ಮಾಡಿಕೊಳ್ಳಬೇಕು. ಹೀಗೆ ಮಾಡುವುದನ್ನೇ ಈ ವಲಯದಲ್ಲಿ ಕನ್ವರ್ಷನ್ ಎನ್ನುತ್ತಾರೆ.

ಕನ್ವರ್ಷನ್ ಎಂದ ಕೂಡಲೇ ಹೆಚ್ಚಿನವರು ತಲೆಗೆ ಕೈ ಹಾಕುತ್ತಾರೆ. ಯೂರೋಪಿನ ಸಿಪಾಯಿಯ ಟೋಪಿಯ ತಲೆಯನ್ನು ತೆಗೆದು ಪೇಟದ ತಲೆಯನ್ನು ಅಂಟಿಸಿದರೆ ಭಾರತದ ಸೈನಿಕನಾದನೆಂದು ಭಾವಿಸುತ್ತಾರೆ. ಆದರೆ ಅಂಥ ಬೊಂಬೆಯನ್ನು ಒಂದು ಮೀಟರ್ ದೂರದಿಂದ, ಎಂದರೆ ಆಟದ ಮೇಜಿನ ಬಳಿ ನಿಂತವನ ಕಣ್ಣಿನ ದೂರದಿಂದ, ನೋಡಿದರೆ ಅದು ಪೇಟ ಸುತ್ತಿಕೊಂಡ ಯೂರೋಪಿನ ಸಿಪಾಯಿಯಾಗಿಯೇ ಕಾಣುತ್ತದೆ. ಕವಾಯತು ಕಲಿತ ಸಾಲಿನ ಸಿಪಾಯಿ ಹಿಮ್ಮಡಿ ಕೂಡಿಸಿ, ಎದೆಯೆತ್ತಿ, ಬಂದೂಕನ್ನು ಭುಜಕ್ಕೆ ನೇರವಾಗಿ ಆನಿಸಿಕೊಂಡು ನಿಲ್ಲುತ್ತಾನೆ. ಮರದ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಉರಿಯುವ ಬತ್ತಿಯನ್ನು ಮಳೆಹನಿಯಿಂದ ಕಾಪಾಡಿಕೊಂಡು, ಇಳಿಜಾರಿನಲ್ಲಿ ಬರಿಗಾಲಿನ ಬೆರಳೂರಿ ಕಾಯುವ ಕೋವಿಯವನ ದೇಹದ ಭಾರವೇ ಬೇರೆ ಕಡೆ ಇರುತ್ತದೆ. ಆದ್ದರಿಂದ ನಾನು ಮೊದಲು ಕತ್ತರಿಸುವುದು ಮಂಡಿಯನ್ನು. ತಲೆಯ ಸರದಿ ಕೊನೆಗೆ ಬರುತ್ತದೆ.

ಈ ಕ್ರಮ ನನಗೆ ಮನದಟ್ಟಾದದ್ದು ಸಾಗರದ ಒಬ್ಬ ಹಿರಿಯ ಗುಡಿಗಾರರಿಂದ. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ನಾನು ತೋರಿಸಿದ ಬೊಂಬೆಯನ್ನು ಅವರು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, "ತಮ್ಮಾ, ಇವನ ಸೊಂಟ ಎತ್ತ ವಾಲಿದೆ ಅಂತ ಮೊದಲು ನೋಡು, ಒಡವೆ, ಬಟ್ಟೆ ಎಲ್ಲ ಆಮೇಲೆ ತಾನಾಗಿ ಕೂರುತ್ತೆ," ಎಂದರು. ಮರದಲ್ಲಿ ತಪ್ಪಿದ ಉಳಿಪೆಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದ ಕಾರಣ ಅವರಿಗೆ ಈ ಶಿಸ್ತು ಅನಿವಾರ್ಯ. ಪ್ಲಾಸ್ಟಿಕ್ಕಿನಲ್ಲಿ ನಮಗೆ ಪುಟ್ಟಿಯ ಆಸರೆ ಇದೆ. ಆದರೂ ಶಿಸ್ತು ಅದೇ ಇರಲಿ ಎಂಬುದು ನನ್ನ ಅಭಿಪ್ರಾಯ.

ನಿಲುವಿಗೆ ಆಧಾರವಾಗಿ ನಾನು ನೋಡುವುದು ವೀರಗಲ್ಲುಗಳನ್ನು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ, ಬಳ್ಳಿಗಾವಿಯಲ್ಲಿ, ಅಷ್ಟೇಕೆ, ಈ ಜಿಲ್ಲೆಯ ಎಷ್ಟೋ ಊರುಗಳ ಕೆರೆ ಏರಿಯ ಮೇಲೂ ಅವು ನಿಂತಿವೆ. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕೆಳಗಿನ ಅಂಕಣವೇ ನನಗೆ ಬೇಕಾದದ್ದು. ಬಳ್ಳಿಗಾವಿಯ ಕಲ್ಲುಗಳು ಕೆಳದಿಯ ಕಾಲಕ್ಕಿಂತ ಹಲವು ಶತಮಾನ ಹಿಂದಿನವು. ಆದ್ದರಿಂದ ಅವುಗಳಿಂದ ಆಯುಧಗಳನ್ನು ನಕಲು ಮಾಡಬಾರದು. ಆದರೆ ಮುಂಗಾಲು ಬಾಗಿಸಿ, ಹಿಂಗಾಲು ನೀಡಿ, ಗುರಾಣಿಯನ್ನು ದೇಹಕ್ಕಿಂತ ಮುಂದೆ ಚಾಚಿ ಏರಿ ಹೋಗುವ ಆ ಭಂಗಿಯನ್ನು, ತೊಡೆಯ ಮೇಲೆ ಬಿಗಿದ ವೀರಗಚ್ಚೆಯ ನೆರಿಗೆ ಬೀಳುವ ದಿಕ್ಕನ್ನು, ಸೊಂಟಪಟ್ಟಿಯಲ್ಲಿ ಬಾಕು ಸಿಕ್ಕಿಸಿದ ಓರೆಯನ್ನು ಅಲ್ಲಿಂದ ಕಲಿಯಬಹುದು. ಶಿಲ್ಪಿಗೂ ನಮಗೂ ಇರುವ ತೊಡಕು ಒಂದೇ: ಸಣ್ಣ ಜಾಗದಲ್ಲಿ, ದೂರದಿಂದ ನೋಡುವವನಿಗೆ, ಚಲನೆ ಅರ್ಥವಾಗಬೇಕು.

ಯಕ್ಷಗಾನದ ಮುಂಡಾಸು, ಎದೆಕಟ್ಟು, ಭುಜಕೀರ್ತಿಗಳನ್ನು ಸೈನಿಕರಿಗೆ ತೊಡಿಸಿದರೆ ಚೆನ್ನಾಗಿರುತ್ತದಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಡಗುತಿಟ್ಟಿನ ವೇಷ ನನಗೂ ಬಲು ಪ್ರಿಯ. ಆದರೆ ಅದು ರಂಗಸ್ಥಳದಲ್ಲಿ ಪುರಾಣದ ವೀರರನ್ನು ಲೋಕೋತ್ತರರನ್ನಾಗಿ ಕಾಣಿಸುವ ಉಡುಗೆ. ಕಾಡಿನ ದಾರಿ ಕಾಯುವ ಸಾಮಾನ್ಯ ಕಾಲಾಳಿಗೆ ಅದನ್ನು ತೊಡಿಸಿದರೆ ಇಬ್ಬರಿಗೂ ನ್ಯಾಯವಾಗುವುದಿಲ್ಲ.

ಈಗ ಕೆಲಸದ ವಿವರ. ಪ್ರಾಚೀನ ಕಾಲದ ಬರಿಗಾಲಿನ ಯೋಧರ ಪ್ಲಾಸ್ಟಿಕ್ ಸೆಟ್‌ಗಳು ನನಗೆ ಹೆಚ್ಚು ಒದಗುತ್ತವೆ, ಏಕೆಂದರೆ ಬೂಟುಗಾಲನ್ನು ಕೆತ್ತಿ ಬರಿಗಾಲು ಮಾಡುವುದು, ಐದು ಬೆರಳುಗಳ ಸುಳಿವು ಮೂಡಿಸುವುದು, ಎಲ್ಲಕ್ಕಿಂತ ಬೇಸರದ ಕೆಲಸ. ಬೊಂಬೆಯ ಬಿಡಿಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಎಂಬ ಪ್ಲಾಸ್ಟಿಕ್ ಚೌಕಟ್ಟಿನಿಂದ ಅವನ್ನು ಬಿಡಿಸಿ, ಅಚ್ಚಿನ ಗೆರೆಗಳನ್ನು ಬ್ಲೇಡಿನ ಹಿಂಬದಿಯಿಂದ ಹೆರೆದ ಮೇಲೆ, ಮಂಡಿಯ ಹಿಂಭಾಗದಲ್ಲಿ ಸಣ್ಣ ತ್ರಿಕೋನದ ಚೂರೊಂದನ್ನು ತೆಗೆದು ಕಾಲನ್ನು ಮಡಚುತ್ತೇನೆ. ಕಾಲು ಪೂರ್ತಿ ಕತ್ತರಿಸಿಹೋದರೆ ಕೈ ಡ್ರಿಲ್ಲಿನಿಂದ ಎರಡೂ ಕಡೆ ರಂಧ್ರ ಕೊರೆದು ಅರ್ಧ ಮಿಲಿಮೀಟರಿನ ಹಿತ್ತಾಳೆ ತಂತಿ ತೂರಿಸಿ ಫೆವಿಕ್ವಿಕ್ ಹಾಕಬೇಕು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸೇರುವ ಕಡೆ ಮಾತ್ರ ಪಾಲಿಸ್ಟೈರೀನ್ ಸಿಮೆಂಟೇ ಮೇಲು, ಏಕೆಂದರೆ ಅದು ಎರಡೂ ಮೇಲ್ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ. ಲೋಹದ ಮೇಲೆ ಅದಕ್ಕೆ ಹಿಡಿತವಿಲ್ಲ. ಹೀಗೆ ಮಡಚಿದ ಕಾಲಿಗೆ ತಕ್ಕಂತೆ ಸೊಂಟವನ್ನೂ ಕತ್ತರಿಸಿ ಸ್ವಲ್ಪ ತಿರುಗಿಸಿದರೆ ಬೊಂಬೆ ಆಗಲೇ ಬೇರೆ ಮನುಷ್ಯನಾಗಿರುತ್ತದೆ.

ಕೋವಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಪೆಟ್ಟಿಗೆಯಲ್ಲಿ ಬರುವ ಹದಿನೆಂಟು, ಹತ್ತೊಂಬತ್ತನೆಯ ಶತಮಾನದ ಮಸ್ಕೆಟ್ಟುಗಳಿಗೆ ಕಿಡಿಕಲ್ಲಿನ ಕುದುರೆ ಇರುತ್ತದೆ, ಹಿಡಿಯೂ ದಪ್ಪ. ಬತ್ತಿಯಿಂದ ಹೊತ್ತಿಸುವ ಭಾರತೀಯ ಕೋವಿಯ ದಂಡಿಗೆ ತೆಳುವಾಗಿ ನೇರವಾಗಿರುತ್ತದೆ, ನಳಿಗೆ ಉದ್ದ. ನಾನು ಕಿಡಿಕಲ್ಲಿನ ಭಾಗವನ್ನು ಹೆರೆದು, ನಳಿಗೆಯನ್ನು ಬುಡದಲ್ಲಿ ಕತ್ತರಿಸಿ, ಅದರ ಜಾಗಕ್ಕೆ ಒಂದು ಮಿಲಿಮೀಟರ್ ಹಿತ್ತಾಳೆ ಸರಳನ್ನು ಕೂರಿಸುತ್ತೇನೆ. ಹಳೆಯ ಟೆಲಿಫೋನ್ ವೈರಿನೊಳಗಿನ ತಾಮ್ರದ ಎಳೆಯನ್ನು ಎಡಗೈಗೆ ಎರಡು ಸುತ್ತು ಸುತ್ತಿ ತುದಿಯನ್ನು ಇಳಿಬಿಟ್ಟರೆ ಬತ್ತಿ ಸಿದ್ಧ. ಅದರ ತುದಿಯಲ್ಲಿ ಕಿತ್ತಳೆ ಬಣ್ಣದ ಒಂದೇ ಚುಕ್ಕೆ ಇಟ್ಟಾಗ ಇಡೀ ತುಕಡಿ ಜೀವಂತವಾಗುತ್ತದೆ. ಅಷ್ಟು ಸಣ್ಣ ಚುಕ್ಕೆ ಅಷ್ಟು ಕೆಲಸ ಮಾಡುವುದು ನನಗೆ ಈಗಲೂ ಸೋಜಿಗ.

ಪೇಟಕ್ಕೂ ಕಂಬಳಿಗೂ ಪುಟ್ಟಿ ಬೇಕು. ನೀಲಿ, ಹಳದಿ ಪಟ್ಟಿಗಳನ್ನು ನಾದಿದಾಗ ಹಸಿರಾಗುವ ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಪುಟ್ಟಿ ಗಟ್ಟಿಯಾದ ಮೇಲೂ ತುಸು ಬಾಗುತ್ತದೆ, ಬಟ್ಟೆಯ ಮಡಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ; ಆದರೆ ತರಿಸಿಕೊಳ್ಳಲು ದುಬಾರಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಎಂ-ಸೀಲ್ ಬೇಗ ಬಿಗಿಯುತ್ತದೆ, ಉಪ್ಪುಕಾಗದದಲ್ಲಿ ಉಜ್ಜಬಹುದು, ಆದರೆ ತೆಳುವಾದ ಮಡಿಕೆಗಳಲ್ಲಿ ಅಂಚು ಮುರಿಯುತ್ತದೆ. ಹಾಗಾಗಿ ತಲೆಯ ಮೇಲೆ ಎಂ-ಸೀಲಿನ ಸಣ್ಣ ಉಂಡೆಯಿಟ್ಟು ಒಣಗಿಸಿ, ಮಾರನೆಯ ದಿನ ಅದರ ಮೇಲೆ ಗ್ರೀನ್ ಸ್ಟಫ್‌ನ ತೆಳು ಪಟ್ಟಿಗಳನ್ನು ಸುತ್ತಿ, ನೀರು ಸವರಿದ ಸೂಜಿಯಿಂದ ನೆರಿಗೆ ಎಳೆಯುತ್ತೇನೆ. ಒಳಗಿನ ತಿರುಳು ಮೊದಲೇ ಗಟ್ಟಿಯಾಗಿದ್ದರೆ ಹೊರಗಿನ ಸುತ್ತುಗಳು ಬೆರಳೊತ್ತಿಗೆ ಜಜ್ಜಿಹೋಗುವುದಿಲ್ಲ. ಕೆಲವರಿಗೆ ತಲೆಯಿಂದ ಬೆನ್ನಿನ ಮೇಲೆ ಇಳಿಬಿದ್ದ ಕಂಬಳಿಕೊಪ್ಪೆ ಮಾಡುತ್ತೇನೆ. ಮಲೆನಾಡಿನ ಮಳೆಯಲ್ಲಿ ನಡೆದವನಿಗೆ ಆ ಆಕಾರ ದೂರದಿಂದಲೇ ಗುರುತು ಸಿಗುತ್ತದೆ. ನೆರಳು ಗೆರೆಯಲ್ಲೇ ಇದು ನಮ್ಮ ಕಡೆಯ ಸೈನ್ಯ ಎಂದು ತಿಳಿಯಬೇಕೆಂಬ ನನ್ನ ಬಯಕೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಈಡೇರಿಸಿರುವುದು ಈ ಕೊಪ್ಪೆಯೇ.

ಬಣ್ಣದ ಮಾತಿಗೆ ಬಂದರೆ, ಆ ಕಾಲದ ಕಾಲಾಳುಗಳಿಗೆ ಒಂದೇ ತೆರನಾದ ಸಮವಸ್ತ್ರ ಇರಲಿಲ್ಲ. ಇದು ಸ್ವಾತಂತ್ರ್ಯವೂ ಹೌದು, ಅಪಾಯವೂ ಹೌದು. ಒಬ್ಬೊಬ್ಬನಿಗೆ ಒಂದೊಂದು ಬಣ್ಣ ಕೊಟ್ಟರೆ ತುಕಡಿ ಜಾತ್ರೆಯ ಗುಂಪಾಗುತ್ತದೆ. ಇಲ್ಲಿ ನನಗೆ ದಾರಿ ತೋರಿಸಿದ್ದು ಮಲೆನಾಡಿನ ದೀವರ ಸಮುದಾಯದ ಮನೆಗೋಡೆಗಳ ಹಸೆ ಚಿತ್ತಾರ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ: ಇಷ್ಟರಲ್ಲೇ ಆ ಹೆಣ್ಣುಮಕ್ಕಳು ಗೋಡೆ ತುಂಬ ಲೋಕವನ್ನು ಬರೆಯುತ್ತಾರೆ. ನಾನೂ ಮಾಸಲು ಬಿಳಿ, ಮಣ್ಣುಗೆಂಪು, ಕಂಬಳಿಯ ಕಪ್ಪು, ಅಲ್ಲಲ್ಲಿ ಅರಿಶಿನ ಬಣ್ಣದ ಸೊಂಟಪಟ್ಟಿ, ಇಷ್ಟಕ್ಕೇ ನಿಲ್ಲಿಸಿದ್ದೇನೆ. ಒಬ್ಬನ ಪೇಟದ ಕೆಂಪು ಪಕ್ಕದವನ ಕಚ್ಚೆಯ ಅಂಚಿನಲ್ಲಿ ಮರುಕಳಿಸಿದರೆ ಸಮವಸ್ತ್ರವಿಲ್ಲದೆಯೂ ಅವರು ಒಂದೇ ದಂಡಿನವರಾಗುತ್ತಾರೆ.

ಮೈಬಣ್ಣದ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಹೊರದೇಶದ ಬಣ್ಣದ ಕೈಪಿಡಿಗಳಲ್ಲಿ ಚರ್ಮಕ್ಕೆ ಬೆಳಕು ತೋರಿಸಲು ಬಿಳಿ ಬೆರೆಸಿ ಎನ್ನುವುದುಂಟು. ನಮ್ಮ ಮೈಬಣ್ಣಕ್ಕೆ ಬಿಳಿ ಬೆರೆಸಿದರೆ ಬೂದಿ ಬಳಿದಂತೆ ಕಾಣುತ್ತದೆ. ಕಡುಗಂದಿಗೆ ಚೂರು ಕೆಂಪು ಸೇರಿಸಿ ಅಡಿಬಣ್ಣ ಹಾಕಿ, ಕೆನ್ನೆ, ಮೂಗು, ಭುಜ, ಮಂಡಿಚಿಪ್ಪುಗಳ ಮೇಲೆ ಕಿತ್ತಳೆ ಛಾಯೆಯ ತಿಳಿಗಂದನ್ನು ಪದರ ಪದರವಾಗಿ ಏರಿಸಬೇಕು. ನೆರಳಿಗೆ ಕಪ್ಪಿನ ಬದಲು ಕಡುನೇರಳೆ ಕೂಡಿದ ಕಂದು. ಎಣ್ಣೆಗೆಂಪು, ಗೋಧಿ ಬಣ್ಣ, ಎಣ್ಣೆಗಪ್ಪು ಎಂದು ನಾವು ಮಾತಿನಲ್ಲಿ ಬೇರ್ಪಡಿಸುವ ಛಾಯೆಗಳೆಲ್ಲ ಒಂದೇ ತುಕಡಿಯಲ್ಲಿ ಇರಲಿ. ಒಂದೇ ಸೀಸೆಯ ಬಣ್ಣವನ್ನು ಎಲ್ಲ ಮುಖಗಳಿಗೂ ಹಚ್ಚಿದ ಸೈನ್ಯದಲ್ಲಿ ಮನುಷ್ಯರು ಕಾಣುವುದಿಲ್ಲ. ಬಿಳಿ ಬಟ್ಟೆಗೂ ಇದೇ ಸಹನೆ ಬೇಕು: ಅಡಿಗೆ ತಿಳಿ ಖಾಕಿ, ಮೇಲೆ ಹಾಲುಬಿಳಿ, ನೆರಿಗೆಯ ತುದಿಯಲ್ಲಿ ಮಾತ್ರ ಶುದ್ಧ ಬಿಳಿ. ಅಕ್ರಿಲಿಕ್ ಬಣ್ಣ ಯಾವಾಗಲೂ ತೆಳು ಮಜ್ಜಿಗೆಯ ಹದದಲ್ಲಿರಲಿ. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪಗಳು ಮೇಲು.

28 ಮಿಲಿಮೀಟರ್ ಎಂದು ಕರೆಯುವ ಬೊಂಬೆಯ ಎತ್ತರ ಪಾದದಿಂದ ನೆತ್ತಿಗೆ ಸುಮಾರು 30 ಮಿಲಿಮೀಟರ್. ಮೀಟರ್ ದೂರದಲ್ಲಿರುವ ಅದು ನಮ್ಮ ಕಣ್ಣಿಗೆ ಐವತ್ತೈದು ಮೀಟರ್ ಆಚೆ ನಿಂತ ಮನುಷ್ಯನಷ್ಟು ಕಾಣುತ್ತದೆ. ಆ ದೂರದಲ್ಲಿ ಕಣ್ಣುಗುಡ್ಡೆ ಕಾಣುವುದಿಲ್ಲ, ಹುಬ್ಬಿನ ನೆರಳು ಕಾಣುತ್ತದೆ. ಆದ್ದರಿಂದ ಸಾಲಿನ ಸೈನಿಕರಿಗೆ ನಾನು ಕಣ್ಣು ಬರೆಯುವುದಿಲ್ಲ. ದಳಪತಿಗಳಿಗೆ ಮಾತ್ರ ಬರೆಯುತ್ತೇನೆ.

ಮಳೆಗಾಲ ನಮ್ಮ ಕಡೆ ಈ ಕೆಲಸದ ದೊಡ್ಡ ವಿಘ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ತುಂಬಿದ ಗಾಳಿಯಲ್ಲಿ ಸ್ಪ್ರೇ ಪ್ರೈಮರ್ ಹೊಡೆದರೆ ಮೇಲ್ಮೈ ತರಿತರಿಯಾಗುತ್ತದೆ, ಮ್ಯಾಟ್ ವಾರ್ನಿಶ್ ಹೊಡೆದರೆ ಬೆಳ್ಳಗೆ ಮಂಜು ಕವಿಯುತ್ತದೆ. ಆ ತಿಂಗಳುಗಳಲ್ಲಿ ಪ್ರೈಮರನ್ನು ಕುಂಚದಿಂದಲೇ ಹಚ್ಚುವುದು ಒಳ್ಳೆಯದು. ಅಡಿಯ ಲೇಪ ಪೂರ್ತಿ ಒಣಗದೆ ಮೇಲಿನದನ್ನು ಹಚ್ಚಿದರೆ ಅದು ಕಿತ್ತುಬರುತ್ತದೆ; ರಟ್ಟಿನ ಪೆಟ್ಟಿಗೆಯಲ್ಲಿ ತಂತಿಸುರುಳಿಯ ಹಳೆಯ ಬಲ್ಬೊಂದನ್ನು ಉರಿಸಿ, ಬೊಂಬೆಗಳನ್ನು ಅದರಿಂದ ದೂರವಿಟ್ಟು ಒಣಗಿಸಬಹುದು. ಆದರೆ ಪುಟ್ಟಿಯ ಕೆಲಸಕ್ಕೆ ಮಳೆಯ ಅಡ್ಡಿಯಿಲ್ಲ, ಹಾಗಾಗಿ ಕತ್ತರಿಸುವ, ತಿದ್ದುವ ಕೆಲಸವನ್ನೆಲ್ಲ ಆ ದಿನಗಳಿಗೇ ಇಟ್ಟುಕೊಂಡಿದ್ದೇನೆ.

ಬೊಂಬೆ ನಿಲ್ಲುವ ತಳಕ್ಕೆ ನಮ್ಮ ನೆಲವೇ ಸಾಮಗ್ರಿ. ಜಂಬಿಟ್ಟಿಗೆಯ ಪುಡಿಯನ್ನು ಜರಡಿ ಹಿಡಿದು ಫೆವಿಕಾಲ್ ಮೇಲೆ ಉದುರಿಸಿದರೆ ಮಲೆನಾಡಿನ ಕೆಂಪು ನೆಲ ಬಣ್ಣದ ಹಂಗಿಲ್ಲದೆ ಮೂಡುತ್ತದೆ. ಒಣಗಿದ ಪಾಚಿ, ಅಡಿಕೆ ಸಿಪ್ಪೆಯ ನಾರು, ಹಸಿರು ಹಾಕಿದ ಮರದ ಪುಡಿ, ಇವೆಲ್ಲ ಚೆನ್ನಾಗಿಯೇ ಇರುತ್ತವೆ; ಬಳಸುವ ಮುಂಚೆ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸದಿದ್ದರೆ ಆಷಾಢದ ಹೊತ್ತಿಗೆ ಬೂಸ್ಟು ಹಿಡಿಯುತ್ತದೆ.

ಧ್ವಜಕ್ಕೆ ಕೆಳದಿಯ ದೇವಸ್ಥಾನದ ಛಾವಣಿಯಲ್ಲಿರುವ ಗಂಡಭೇರುಂಡವನ್ನು ಆರಿಸಿಕೊಂಡಿದ್ದೇನೆ. ಅದು ಯುದ್ಧಧ್ವಜದ ಮೇಲಿತ್ತೆಂದು ನಾನು ಹೇಳುತ್ತಿಲ್ಲ. ಆ ಊರಿನ ಕಲ್ಲಿನಲ್ಲಿರುವ ರೂಪ ಆ ಸೈನ್ಯದ ಮುಂದೆ ನಡೆಯಲಿ ಎಂಬುದು ನನ್ನ ಇಚ್ಛೆ. ತೆಳು ಕಾಗದದ ಮೇಲೆ ಕೈಯಿಂದಲೇ ಬರೆದು, ನೀರು ಬೆರೆಸಿದ ಫೆವಿಕಾಲ್ ಸವರಿ, ಹಸಿಯಿರುವಾಗಲೇ ಅಲೆಯಂತೆ ಮಡಚಿ ಕೋಲಿಗೆ ಅಂಟಿಸಬೇಕು. ಮಡಿಕೆಗಳಲ್ಲಿ ಬಿರುಕು ಬಿಟ್ಟ ಬಣ್ಣವನ್ನು ಒಣಗಿದ ಮೇಲೆ ಮತ್ತೆ ತಿದ್ದುವುದು ಅಗತ್ಯ.

ಕೋವಿಯವರ ತುಕಡಿಗಳೂ ಈಟಿಯವರ ತುಕಡಿಗಳೂ ಬಹುತೇಕ ಮುಗಿದಿವೆ. ಅವುಗಳಿಗೆ ವಾರ್ನಿಶ್ ದೀಪಾವಳಿಯ ಬಳಿಕ, ಗಾಳಿ ಒಣಗಿದಾಗ. ಅಷ್ಟರೊಳಗೆ ಕುದುರೆ ಸವಾರರನ್ನು ಕೈಗೆತ್ತಿಕೊಳ್ಳಬೇಕು. ಕುದುರೆಯ ಕಾಲುಗಳ ನಿಲುವನ್ನು ಬದಲಿಸುವುದು ಮನುಷ್ಯನದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಒಂದು ಕೀಲು ತಪ್ಪಿದರೆ ನಾಲ್ಕು ಕಾಲುಗಳ ಲೆಕ್ಕವೂ ತಪ್ಪುತ್ತದೆ. ಮತ್ತೆ ವೀರಗಲ್ಲುಗಳ ಕಡೆಗೇ ಹೋಗುತ್ತೇನೆ, ಈ ಸಲ ಸವಾರರಿರುವ ಅಂಕಣಗಳನ್ನು ಹುಡುಕಿಕೊಂಡು.