ಸೆಲ್ಫ್ ಹೊಡಿತೈತಿ, ಗಾಡಿ ಮಾತ್ರ ಸ್ಟಾರ್ಟ್ ಆಗವಲ್ದು

ಬಳ್ಳಾರಿಯಲ್ಲಿ ಗ್ಯಾರೇಜ್ ಇಟ್ಟುಕೊಂಡವನಿಗೆ ಬೆಳಗ್ಗೆ ಬರುವ ಫೋನಿನಲ್ಲಿ ಈ ಮಾತು ಖಾಯಂ: "ಅಣ್ಣಾ, ಸೆಲ್ಫ್ ಚಲೋ ಹೊಡಿತೈತಿ, ಗಾಡಿ ಮಾತ್ರ ಸ್ಟಾರ್ಟ್ ಆಗವಲ್ದು." ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. "ಪ್ಲಗ್ ಹೊಸವು ಹಾಕ್ಸೀನಿ, ಕಾಯಿಲ್ ಹೊಸದು, ಬ್ಯಾಟರಿನೂ ಹೊಸದು." ನನಗೆ ತಲೆನೋವು ತರುವುದು ಈ ಎರಡನೇ ಮಾತು. ಗಾಡಿ ಯಾಕೆ ನಿಂತಿತು ಅನ್ನುವುದರ ಜೊತೆಗೆ ಅದರ ಮೇಲೆ ಎಷ್ಟು ಕೈ ಬಿದ್ದಿವೆ, ಯಾವ ಕೈ ಏನು ಬಿಚ್ಚಿ ಏನು ಹಾಕಿದೆ ಅನ್ನುವುದನ್ನೂ ಹುಡುಕಬೇಕು.

ನನ್ನ ಹತ್ತಿರ ಬರುವುದು ಹಳೇ ಪೆಟ್ರೋಲ್ ಗಾಡಿಗಳೇ ಜಾಸ್ತಿ. ಮಾರುತಿ 800, ಓಮ್ನಿ, ಝೆನ್, ಎಸ್ಟೀಮ್, ಸ್ಯಾಂಟ್ರೋ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತರೂ ಸಿರುಗುಪ್ಪ, ಕುರುಗೋಡು, ಮೋಕಾ ಕಡೆ ಭತ್ತದ ರೈತರ ಮನೆ ಮುಂದೆ ಇನ್ನೂ ನಿಂತಿರುತ್ತವೆ. ಕೆಲವು ಓಡಾಡುತ್ತವೆ, ಕೆಲವು ಜಾತ್ರೆಗೊಮ್ಮೆ, ಮದುವೆಗೊಮ್ಮೆ ಹೊರಗೆ ಬರುತ್ತವೆ. ಇವೇ ನಮಗೆ ಅನ್ನ ಹಾಕುವುದು.

ಗ್ಯಾರೇಜಿಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಪಾನಾ ಕೊಡುವುದಿಲ್ಲ. ಬಾನೆಟ್ ಎತ್ತಿ ಪಕ್ಕದಲ್ಲಿ ನಿಲ್ಲಿಸಿ, ಸೆಲ್ಫ್ ಶಬ್ದ ಕೇಳು ಅನ್ನುತ್ತೇನೆ. ಸರಿ ಇರುವ ಇಂಜಿನ್ ಸೆಲ್ಫಿಗೆ ತಿರುಗುವಾಗ ಶಬ್ದಕ್ಕೆ ಒಂದು ಏರಿಳಿತ ಇರುತ್ತದೆ. ಪ್ರತಿ ಸಿಲಿಂಡರ್ ಗಾಳಿ ಒತ್ತುವ ಕಂಪ್ರೆಷನ್‌ಗೆ ಬಂದಾಗ ಸ್ವಲ್ಪ ಭಾರ, ದಾಟಿದ ಮೇಲೆ ಹಗುರ. ಆ ಏರಿಳಿತ ಇಲ್ಲದೆ ಮಿಕ್ಸಿ ತಿರುಗಿದ ಹಾಗೆ ಸೊಂಯ್ ಅಂತ ಒಂದೇ ಸಮ ತಿರುಗಿದರೆ ಟೈಮಿಂಗ್ ಬೆಲ್ಟ್ ಹೋಗಿರುವ ಅನುಮಾನ. ಆಗ ಕಿಡಿ ಹಾರಿಸುವ ಪ್ಲಗ್, ಅದಕ್ಕೆ ಜೋರು ಕರೆಂಟ್ ಕೊಡುವ ಕಾಯಿಲ್ ಯಾವುದನ್ನೂ ಮುಟ್ಟುವ ಹಾಗಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಂದೇ ಒಂದು ಸಲ ಸೆಲ್ಫ್ ಹೊಡೆಸಿ ನೋಡಿ. ಬೆಲ್ಟ್ ತಿರುಗಿಸುವ ಕ್ಯಾಮ್, ವಾಲ್ವ್ ಒತ್ತುವ ರಾಕರ್ ಒಳಗೆ ಆಡದಿದ್ದರೆ ಅಲ್ಲಿಗೆ ನಿಲ್ಲಿಸಿ. ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್ ಹೋದ ಮೇಲೂ ತಿರುಗಿಸುತ್ತಾ ಹೋದರೆ ವಾಲ್ವ್ ಬಾಗುತ್ತವೆ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಸುಮ್ನೆ ನಿಂತಾಗ 12.6 ವೋಲ್ಟ್ ತೋರಿಸಿದರೆ ಸಾಲದು, ಸೆಲ್ಫ್ ಹೊಡೆಯುವಾಗ ಮೀಟರ್ ನೋಡಬೇಕು. ಆಗ 9.5ಕ್ಕಿಂತ ಕೆಳಗೆ ಬಿದ್ದರೆ ಸೆಲ್ಫ್ ಹೇಗೋ ತಿರುಗಿದರೂ ಪ್ಲಗ್ಗಿಗೆ ಹೋಗುವ ಕರೆಂಟ್ ಸೊರಗಿಬಿಡುತ್ತದೆ. ಬ್ಯಾಟರಿ ಹೊಸದಾದರೂ ಟರ್ಮಿನಲ್ಲಿನಲ್ಲಿ ಬಿಳಿ ಪುಡಿ ಕೂತಿದ್ದರೆ, ಇಂಜಿನ್ನಿಗೆ ಬರುವ ಅರ್ಥಿಂಗ್ ವೈರ್ ಸಡಿಲ ಇದ್ದರೆ ಇದೇ ಕಥೆ.

ಆಮೇಲೆ ಎರಡೇ ಪ್ರಶ್ನೆ. ಕರೆಂಟ್ ಬರುತ್ತಿದೆಯಾ? ಪೆಟ್ರೋಲ್ ಬರುತ್ತಿದೆಯಾ?

ಪೆಟ್ರೋಲ್ ನೋಡುವುದು ಕಾರ್ಬೋರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿಯಲ್ಲಿ ಬಹಳ ಸುಲಭ. ಏರ್ ಫಿಲ್ಟರ್ ತೆಗೆದು, ಇಂಜಿನ್ ಆಫ್ ಇಟ್ಟು, ಕಾರ್ಬೋರೇಟರ್ ಬಾಯಿ ನೋಡುತ್ತಾ ಆಕ್ಸಿಲರೇಟರ್ ಎಳೆಯಿರಿ. ಒಳಗೆ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಿದರೆ ಫ್ಲೋಟ್ ಚೇಂಬರ್‌ವರೆಗೆ ಪೆಟ್ರೋಲ್ ಬಂದಿದೆ ಅಂತ ಅರ್ಥ. ಚಿಮ್ಮದಿದ್ದರೆ ಹಿಂದಕ್ಕೆ ಹೋಗಬೇಕು: ಎಸಿ ಪಂಪು (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು), ಫಿಲ್ಟರ್, ಪೈಪು, ಟ್ಯಾಂಕು. ಟ್ಯಾಂಕ್ ಮುಳ್ಳನ್ನು ನಂಬಬೇಡಿ. ಹಳೇ ಗಾಡಿಯ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿದ್ದರೂ ಒಳಗೆ ಹನಿ ಇಲ್ಲದ್ದನ್ನು ಬೇಕಾದಷ್ಟು ನೋಡಿದ್ದೇನೆ. ಎಂಪಿಎಫ್‌ಐ (ಕಾರ್ಬೋರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯಾದರೆ ಕೀ ಆನ್ ಮಾಡಿ ಹಿಂದಿನ ಸೀಟಿನ ಹತ್ತಿರ ಕಿವಿ ಇಡಿ. ಟ್ಯಾಂಕಿನೊಳಗಿನ ಪಂಪು ಎರಡು ಮೂರು ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು. ಅನ್ನದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಿ. ಟ್ಯಾಂಕ್ ಇಳಿಸುವ ಮಾತು ಆಮೇಲೆ.

ಕರೆಂಟ್ ನೋಡುವಾಗ ಹುಷಾರು. ಪ್ಲಗ್ ವೈರನ್ನು ಗಾಳಿಯಲ್ಲಿ ಹಿಡಿದು ಸೆಲ್ಫ್ ಹೊಡೆಸುವ ಚಟ ನಮ್ಮ ಕಡೆ ಬಹಳ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ಇದ್ದ ಇಗ್ನೈಟರ್ (ಕಾಯಿಲ್ ಕರೆಂಟ್ ನಡೆಸುವ ಭಾಗ) ಕೂಡ ಸುಟ್ಟುಹೋಗಬಹುದು. ಬೇರೆ ಒಂದು ಪ್ಲಗ್ ಹಾಕಿ, ಅದರ ಮೈ ಇಂಜಿನ್ ಕಬ್ಬಿಣಕ್ಕೆ ಗಟ್ಟಿಯಾಗಿ ತಾಗಿಸಿ ನೋಡಿ. ನೀಲಿ ಕಿಡಿ, ಚಟ್ ಅನ್ನುವ ಶಬ್ದ ಬಂದರೆ ಸರಿ. ಕೆಂಪು, ಹಳದಿ ಕಿಡಿ ಮಂಕಾಗಿ ಬಂದರೆ ಅದು ಕಂಪ್ರೆಷನ್ ಒಳಗೆ ನಿಲ್ಲುವುದಿಲ್ಲ. ಮತ್ತೆ, ಈಗಷ್ಟೇ ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಚಿಮ್ಮಿಸಿ ನೋಡಿದ್ದೀರಿ. ಅದನ್ನು ಒರೆಸಿ, ಏರ್ ಫಿಲ್ಟರ್ ಮುಚ್ಚಿ, ಆವಿ ಹೋದ ಮೇಲೆ ಕಿಡಿ ನೋಡಿ. ಗಾಡಿಗೆ ಬೆಂಕಿ ಹತ್ತುವುದಕ್ಕೆ ಜಾಸ್ತಿ ಹೊತ್ತು ಬೇಡ.

ಈಗ ಒಂದು ಗಾಡಿಯ ವಿಷಯ. ಸಿರುಗುಪ್ಪ ಕಡೆಯ ಕಾರ್ಬೋರೇಟರ್ ಮಾರುತಿ 800, ಪಾಯಿಂಟ್ (ಕಾಯಿಲ್ ಕರೆಂಟನ್ನು ಕಡಿದು ಕೂಡಿಸುವ ಹಳೇ ಕಾಲದ ಸ್ವಿಚ್ಚು) ಇರುವುದು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದಿದ್ದರು. ಮಾಲೀಕರು ವಯಸ್ಸಾದವರು. "ಏನು ಬೇಕಾದ್ರೂ ಹಾಕಪ್ಪ, ಎಲ್ಲಾ ಹೊಸಾದು ಹಾಕ್ಸಿ ಆಗೈತಿ, ಇನ್ನೇನು ಉಳದೈತೋ ನೋಡು" ಅಂದರು. ಪ್ಲಗ್, ಪ್ಲಗ್ ವೈರ್, ಕಾಯಿಲ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್ ಎಲ್ಲಾ ಒಂದೇ ದಿನ ಬದಲಾಗಿದ್ದವು. ಡಿಸ್ಟ್ರಿಬ್ಯೂಟರ್ ಅಂದರೆ ಕಾಯಿಲ್ ಕರೆಂಟನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವುದು. ಅದರೊಳಗೆ ತಿರುಗುತ್ತಾ ಹಂಚುವ ತುಂಡು ರೋಟರ್, ಮೇಲಿನ ಮುಚ್ಚಳ ಕ್ಯಾಪ್.

ಪೆಟ್ರೋಲ್ ಚಿಮ್ಮುತ್ತಿತ್ತು. ಸೆಲ್ಫ್ ಶಬ್ದದಲ್ಲಿ ಏರಿಳಿತ ಇತ್ತು. ಪ್ಲಗ್ಗಿನಲ್ಲಿ ಮಾತ್ರ ಕಿಡಿಯೇ ಇಲ್ಲ. ಕಾಯಿಲ್‌ನಿಂದ ಕ್ಯಾಪ್ ನಡುವಿಗೆ ಬರುವ ದಪ್ಪ ವೈರ್ ಬಿಚ್ಚಿ ಅದಕ್ಕೇ ಪ್ಲಗ್ ಹಾಕಿ ನೋಡಿದರೆ ಒಳ್ಳೇ ನೀಲಿ ಕಿಡಿ. ಅಂದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಸರಿ ಇವೆ. ಕರೆಂಟ್ ಡಿಸ್ಟ್ರಿಬ್ಯೂಟರ್ ಒಳಗೆ ಹೋಗಿ ಹೊರಗೆ ಬರುತ್ತಿಲ್ಲ. ಮೂರೂ ಪ್ಲಗ್ ವೈರ್ ಒಟ್ಟಿಗೇ ಕೆಡುವುದು ಕಷ್ಟ. ಕ್ಯಾಪ್ ಬಿಚ್ಚಿ ಬಿಸಿಲಿಗೆ ಹಿಡಿದೆ, ಬಿರುಕಿಲ್ಲ, ಕರಿ ಗೆರೆ ಇಲ್ಲ. ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಚೆನ್ನಾಗಿ ಆಡುತ್ತಿತ್ತು.

ಉಳಿದಿದ್ದು ರೋಟರ್. ಹೊಚ್ಚ ಹೊಸದು, ಹಿತ್ತಾಳೆ ಪಟ್ಟಿ ಫಳಫಳ ಹೊಳೆಯುತ್ತಿತ್ತು. ನೋಡಿದವರು ಯಾರೂ ಅನುಮಾನ ಪಡುವುದಿಲ್ಲ. ರೋಟರನ್ನು ಅದರ ಜಾಗದಲ್ಲೇ ಬಿಟ್ಟು, ಕಾಯಿಲ್ ವೈರನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ರೋಟರಿನ ನಡುಭಾಗಕ್ಕೆ ಕೆಲವೇ ಮಿಲಿಮೀಟರ್ ಮೇಲೆ ನಿಲ್ಲಿಸಿದೆ. ಹುಡುಗನಿಗೆ ಸೆಲ್ಫ್ ಹೊಡಿ ಅಂದೆ. ಚಟ್ ಚಟ್ ಅಂತ ಕಿಡಿ ಹಾರಿ ರೋಟರಿನೊಳಗೆ ಹೋಗತೊಡಗಿತು. ರೋಟರ್ ಸರಿ ಇದ್ದರೆ ಹೀಗೆ ಹಾರಬಾರದು, ಯಾಕೆಂದರೆ ಕರೆಂಟಿಗೆ ಅಲ್ಲಿಂದ ಮುಂದೆ ದಾರಿಯೇ ಇಲ್ಲ. ಹಾರುತ್ತಿದೆ ಅಂದರೆ ರೋಟರ್ ಮೈಯೊಳಗಿಂದ ತೂರಿ ಕೆಳಗಿನ ಶಾಫ್ಟಿಗೆ ಇಳಿದು ಅರ್ಥ್ ಆಗುತ್ತಿದೆ. ರೋಟರ್ ಎಳೆದು ತಿರುಗಿಸಿ ನೋಡಿದೆ. ಶಾಫ್ಟ್ ಕೂರುವ ತೂತಿನೊಳಗೆ ಗುಂಡುಸೂಜಿ ತಲೆಯಷ್ಟು ಕರಿ ಚುಕ್ಕೆ.

"ಹಳೇ ರೋಟರ್ ಎಲ್ಲೈತಿ ಅಜ್ಜಾರ?" ಅಂತ ಕೇಳಿದೆ. ಪುಣ್ಯಕ್ಕೆ ಅವರು ಬಿಸಾಕಿರಲಿಲ್ಲ, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಇತ್ತು. ತುದಿಗೆ ಸಣ್ಣ ಉಪ್ಪುಕಾಗದ ಆಡಿಸಿ ಹಾಕಿದೆ. ಗಾಡಿ ಸ್ಟಾರ್ಟ್ ಆಯಿತು.

ಮೊದಲಿಗೆ ಹೋಗಿದ್ದು ಕಾಯಿಲ್ ಅಂತ ನನ್ನ ಲೆಕ್ಕ. ಹಳೇ ಕಾಯಿಲ್ ಕೂಡ ಡಿಕ್ಕಿಯಲ್ಲಿತ್ತು, ಅಡಿಯಲ್ಲಿ ಎಣ್ಣೆ ಸೋರಿತ್ತು. ಹೊಸ ಕಾಯಿಲ್ ಹಾಕಿದ ಗಳಿಗೆಯಲ್ಲೇ ರೋಗ ವಾಸಿಯಾಗಿತ್ತು. ಅದೇ ಕೈ ಅದೇ ದಿನ ಕೆಟ್ಟ ರೋಟರನ್ನೂ ಹಾಕಿದ್ದರಿಂದ ವಾಸಿಯಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಅದಕ್ಕೇ ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟು: ಒಂದು ಪಾರ್ಟ್ ಬದಲಿಸು, ಸೆಲ್ಫ್ ಹೊಡೆದು ನೋಡು, ಆಮೇಲೆ ಇನ್ನೊಂದಕ್ಕೆ ಕೈ ಹಾಕು. ತೆಗೆದ ಪಾರ್ಟ್ ಗಾಡಿ ಮಾಲೀಕರ ಕೈಗೇ ಹೋಗಬೇಕು. ಸಮಯ ಹಿಡಿಯುತ್ತೆ ನಿಜ. ಗಿರಾಕಿಗಳೂ ಗೊಣಗುತ್ತಾರೆ, ಒಂದು ಪಾರ್ಟೂ ಹಾಕದೆ ದುಡ್ಡು ಕೇಳುತ್ತಾನೆ ಅಂತ. ಹುಡುಕಿದ್ದಕ್ಕೇ ಕೂಲಿ ಅಲ್ವಾ? ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಬಿಸಿಲಿನ ಕಾಟ ಬೇರೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ತೋರಣಗಲ್ಲು ರೋಡಿನಲ್ಲಿ ಲಾರಿಗಳ ಹಿಂದೆ ತೆವಳಿಕೊಂಡು ಬಂದ ಗಾಡಿ, ಚಹಾ ಕುಡಿಯಲು ನಿಲ್ಲಿಸಿದ ಮೇಲೆ ಮತ್ತೆ ಹತ್ತುವುದಿಲ್ಲ. ಕಾರ್ಬೋರೇಟರ್ ಗಾಡಿಯಾದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಎಸಿ ಪಂಪು ಎಳೆಯಲಾರದೆ ಹೋಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ. ಎಂಪಿಎಫ್‌ಐ ಗಾಡಿ ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಏನೂ ಆಗಿಲ್ಲದ ಹಾಗೆ ಓಡಿದರೆ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಆರ್‌ಪಿಎಂ ಮೀಟರ್ ಇದ್ದರೆ ಸೆಲ್ಫ್ ಹೊಡೆಯುವಾಗ ಮುಳ್ಳು ನೋಡಿ. ಬಹಳ ಗಾಡಿಗಳಲ್ಲಿ ಅದು ಸ್ವಲ್ಪವಾದರೂ ಏಳುತ್ತದೆ. ಮಲಗೇ ಇದ್ದರೆ ಅನುಮಾನ ಗಟ್ಟಿ. ಆದರೆ ಇಂಥ ಗಾಡಿಯನ್ನು ಗ್ಯಾರೇಜಿಗೆ ಎಳೆತಂದ ಹೊತ್ತಿಗೆ ತಣ್ಣಗಾಗಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿಬಿಡುತ್ತದೆ. ಆಗ ಬಿಸಿಲಲ್ಲೇ ನಿಲ್ಲಿಸಿ, ಇಂಜಿನ್ ಓಡಿಸಿ, ಮತ್ತೆ ಕೈಕೊಡುವವರೆಗೆ ಕಾಯುತ್ತೇನೆ. ಕೆಡದೆ ಇರುವಾಗ ಬಿಚ್ಚಿ ಏನು ಹುಡುಕುವುದು?

ಗ್ಯಾಸ್ ಕಿಟ್ ಇರುವ ಓಮ್ನಿಗಳಲ್ಲಿ ಇನ್ನೊಂದು ತಮಾಷೆ. ಸ್ವಿಚ್ ಗ್ಯಾಸಿಗೆ ಇರುತ್ತದೆ, ಗ್ಯಾಸ್ ಸಿಲಿಂಡರ್ ಖಾಲಿ ಇರುತ್ತದೆ, ಪೆಟ್ರೋಲ್ ವಾಲ್ವ್ ಮುಚ್ಚಿರುತ್ತದೆ. ಮನೆಯ ಹುಡುಗರು ಒತ್ತಿರುತ್ತಾರೆ, ಯಾರಿಗೂ ನೆನಪಿರುವುದಿಲ್ಲ. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಕಳ್ಳತನದ ಅಲಾರಂ, ಭತ್ತದ ಗೋದಾಮಿನ ಪಕ್ಕ ನಿಲ್ಲಿಸಿದ ಗಾಡಿಗೆ ಇಲಿ ಕಡಿದ ವೈರ್, ಇವೂ ಅದೇ ಜಾತಿ.

ಕೊನೆಗೆ ಪೈಪುಗಳು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಪೈಪು, ಎಸಿ ಪಂಪಿನ ಡಯಾಫ್ರಮ್ಮು ಇದಕ್ಕೆ ಅಂತ ಮಾಡಿದವಲ್ಲ. ಪೈಪು ಹಿಸುಕಿದಾಗ ಮೆತ್ತಗೆ ಅಂಟಂಟಾಗಿದ್ದರೆ ಅಥವಾ ಬಾಗಿಸಿದಾಗ ಬಿರುಕು ಕಂಡರೆ ಬದಲಿಸಿ. ಕೊಳ್ಳುವಾಗ ಎಥನಾಲ್ ತಡೆಯುವ ಪೈಪ್ ಅಂತಲೇ ಕೇಳಿ. ಎಂಪಿಎಫ್‌ಐ ಗಾಡಿಗೆ ಹೈ ಪ್ರೆಷರ್ ಪೈಪೇ ಬೇಕು, ಕಾರ್ಬೋರೇಟರ್ ಗಾಡಿಯದು ಅದಕ್ಕೆ ನಡೆಯುವುದಿಲ್ಲ. ಅಂಗಡಿಯವರು ಎರಡೂ ಒಂದೇ ಅಂದರೆ ಬೇರೆ ಅಂಗಡಿಗೆ ಹೋಗಿ.