ಗಾಯಗೊಂಡ ಸೈನಿಕರು ಮತ್ತೆ ಮುಂಚೂಣಿಗೆ ಹೋಗಬೇಕೇ?

ಗಾಯಾಳು ಸೈನಿಕರಿಗೆ ಮತ್ತೆ ನಡೆಯಲು ಕಲಿಸುವುದು ನನ್ನ ಕೆಲಸ ಎಂದು ತಿಳಿದ ಕೂಡಲೇ ಜನ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕೈಯೋ ಕಾಲೋ ಹೋದವರನ್ನು ಮತ್ತೆ ಯುದ್ಧಭೂಮಿಗೆ ಕಳುಹಿಸುವುದು ಸರಿಯೇ? ಕೆಲವರು ಮರುಕದಿಂದ ಕೇಳುತ್ತಾರೆ. ಕೊಡುವುದನ್ನೆಲ್ಲ ಕೊಟ್ಟಾಯಿತಲ್ಲ, ಇನ್ನಾದರೂ ಮನೆಯಲ್ಲಿ ನೆಮ್ಮದಿಯಾಗಿರಲಿ ಎನ್ನುವುದು ಅವರ ಮಾತು. ಇನ್ನು ಕೆಲವರು ಹೆಮ್ಮೆಯಿಂದ ಕೇಳುತ್ತಾರೆ. ಅವರಿಗೆ ಬೇಕಾದದ್ದು ಒಬ್ಬ ವೀರನ ಕಥೆ. ನನ್ನ ಉತ್ತರ ಇಬ್ಬರಿಗೂ ಒಂದೇ. ಹೋಗಬೇಕೆಂದು ಆ ಸೈನಿಕನೇ ಬಯಸಿದ್ದರೆ, ಆ ಹುದ್ದೆಯ ಕೆಲಸವನ್ನು ಉಳಿದವರ ಸರಿಸಮನಾಗಿ ಮಾಡಿ ತೋರಿಸಿದರೆ, ಹೋಗಲಿ. ಮರುಕವಾಗಲಿ ಹೆಮ್ಮೆಯಾಗಲಿ ಇದನ್ನು ತೀರ್ಮಾನಿಸಬಾರದು.

ಸಾಧ್ಯವೇ ಎಂಬ ಅನುಮಾನವಿದ್ದವರಿಗೆ ಇತಿಹಾಸ ಸಾಕಷ್ಟು ಉತ್ತರ ಕೊಟ್ಟಿದೆ. ಸೋವಿಯತ್ ಪೈಲಟ್ ಅಲೆಕ್ಸೇ ಮರೇಸ್ಯೇವ್ ಅವರ ವಿಮಾನ 1942ರ ಏಪ್ರಿಲ್‌ನಲ್ಲಿ ಉರುಳಿತು. 18 ದಿನ ಹಿಮದಲ್ಲಿ ತೆವಳಿಕೊಂಡು ಅವರು ತಮ್ಮವರನ್ನು ಸೇರಿಕೊಂಡರು. ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮರುವರ್ಷವೇ ಅವರು ಮತ್ತೆ ಯುದ್ಧವಿಮಾನ ಹಾರಿಸುತ್ತಿದ್ದರು. ಬ್ರಿಟನ್ನಿನ ಡಗ್ಲಸ್ ಬೇಡರ್ 1931ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡು ವಾಯುಪಡೆಯಿಂದ ನಿವೃತ್ತರಾಗಿದ್ದವರು. ಎರಡನೆಯ ಮಹಾಯುದ್ಧ ಶುರುವಾದಾಗ ಮರಳಿ ಬಂದು, 1941ರಲ್ಲಿ ಸೆರೆಯಾಗುವವರೆಗೂ ಹೋರಾಡಿದರು.

ಆದರೆ ಇಬ್ಬರೂ ಪೈಲಟ್‌ಗಳು ಎಂಬುದನ್ನು ಕಥೆ ಹೇಳುವವರು ಗಮನಿಸುವುದಿಲ್ಲ. ಅವರ ಯುದ್ಧ ಕುಳಿತು ಮಾಡುವ ಯುದ್ಧವಾಗಿತ್ತು. ಕಾಲಾಳುವಿನದು ಹಾಗಲ್ಲ. ಅದಕ್ಕೇ ಇಯಾನ್ ಕಾರ್ಡೋಜೊ ಅವರ ಉದಾಹರಣೆ ನನಗೆ ಹೆಚ್ಚು ತೂಕದ್ದೆನಿಸುತ್ತದೆ. 1971ರ ಯುದ್ಧದಲ್ಲಿ ಗೂರ್ಖಾ ಪಡೆಯ ಈ ಅಧಿಕಾರಿ ನೆಲಬಾಂಬ್ ಮೇಲೆ ಕಾಲಿಟ್ಟರು. ಛಿದ್ರವಾದ ಕಾಲನ್ನು ತಮ್ಮದೇ ಖುಕ್ರಿಯಿಂದ ಕತ್ತರಿಸಿಕೊಂಡದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನಂತರ ನಡೆದದ್ದು. ಎರಡೂ ಕಾಲಿದ್ದ ಅಧಿಕಾರಿಗಳ ಜೊತೆ ದೈಹಿಕ ಪರೀಕ್ಷೆಗೆ ನಿಂತು, ಪರ್ವತ ಪ್ರದೇಶದಲ್ಲಿ ನಡೆದು ತೋರಿಸಿ, ಕೊನೆಗೆ ಬೆಟಾಲಿಯನ್ನನ್ನೂ ಆಮೇಲೆ ಬ್ರಿಗೇಡನ್ನೂ ಮುನ್ನಡೆಸಿದರು. 1965ರ ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಜಯ್ ಒಬೆರಾಯ್ ಭಾರತೀಯ ಸೇನೆಯ ಉಪಮುಖ್ಯಸ್ಥರ ಸ್ಥಾನದವರೆಗೆ ಏರಿದರು. ಯಾರೋ ದಯೆತೋರಿ ಕೊಟ್ಟ ಹುದ್ದೆಗಳಲ್ಲ ಇವು.

ಇನ್ನು ಕಥೆಗಳಲ್ಲಿ ಬಾರದ ಭಾಗ. ಮೊಣಕಾಲಿನ ಕೆಳಗೆ ಕತ್ತರಿಸಿ ಉಳಿದ ಭಾಗವನ್ನು ನಾವು ಸ್ಟಂಪ್ ಎನ್ನುತ್ತೇವೆ. ಅಲ್ಲಿನ ಚರ್ಮ ಅಂಗಾಲಿನಂತೆ ಭಾರ ಹೊರಲು ಹುಟ್ಟಿದ್ದಲ್ಲ. ಬೆಳಿಗ್ಗೆ ಸಾಕೆಟ್, ಅಂದರೆ ಸ್ಟಂಪ್ ಇಳಿಯುವ ಕೃತಕ ಕಾಲಿನ ಬಟ್ಟಲು, ಬಿಗಿಯಾಗಿ ಕೂರುತ್ತದೆ. ನಡೆದಂತೆಲ್ಲ ಸ್ಟಂಪ್ ಕುಗ್ಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಾಕೆಟ್ ಸಡಿಲವಾಗಿ ಸ್ಟಂಪ್ ಮೇಲೆ ಒಂದೋ ಎರಡೋ ಕಾಲುಚೀಲ ಹೆಚ್ಚಿಗೆ ತೊಡಬೇಕಾಗುತ್ತದೆ. ಸ್ಟಂಪ್‌ಗೆ ತೊಡಿಸುವ ಮೆತ್ತನೆಯ ಹೊದಿಕೆಯಾದ ಸಿಲಿಕೋನ್ ಲೈನರ್ ಒಳಗೆ ಬೆವರು ನಿಂತು ಜಾರುತ್ತದೆ. ಚಿಕಿತ್ಸಾ ಕೊಠಡಿಯಲ್ಲಾದರೆ ಕಾಲು ಬಿಚ್ಚಿ, ಒರೆಸಿ, ಮತ್ತೆ ತೊಟ್ಟುಕೊಳ್ಳಬಹುದು. ಶತ್ರುವಿನ ಕಣ್ಣಳತೆಯಲ್ಲಿ ಗಸ್ತು ಹೋಗುವಾಗ ಕಾಲು ಬಿಚ್ಚಿ ಕೂರಲಾದೀತೇ? ಮೊಣಕಾಲಿನ ಕೆಳಗೆ ಕಾಲಿಲ್ಲದವರಿಗೆ ಅದೇ ವೇಗದಲ್ಲಿ ನಡೆಯಲು ಸುಮಾರು ಕಾಲುಭಾಗ ಹೆಚ್ಚು ಶಕ್ತಿ ಬೇಕು. ಮೊಣಕಾಲಿನ ಮೇಲೆ ಹೋಗಿದ್ದರೆ ಅರ್ಧಕ್ಕೂ ಹೆಚ್ಚು. ಬೆನ್ನ ಮೇಲಿನ ಹೊರೆ ಇದಕ್ಕೆ ಸೇರಿಸಿದ್ದು.

ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಅಡ್ಡಡ್ಡ ನಡೆಸಿ ನೋಡುವುದು ನಮ್ಮ ಅಭ್ಯಾಸಗಳಲ್ಲೊಂದು. ಒಬ್ಬ ಯುವಕ ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ನಡೆದ. ನೋವಿದೆಯೇ ಎಂದರೆ 'ಇಲ್ಲ ಮೇಡಂ' ಎಂದ. ಲೈನರ್ ತೆಗೆದಾಗ ಗುಳ್ಳೆಯೊಂದು ಒಡೆದು ಒಳಮೈಗೆ ರಕ್ತ ಅಂಟಿತ್ತು. ಆ ಗುಳ್ಳೆ ಒಣಗುವವರೆಗೆ ಕೃತಕ ಕಾಲನ್ನು ಮುಟ್ಟಲೂ ನಾನು ಬಿಡಲಿಲ್ಲ. ಅವನು ನನ್ನ ಮೇಲೆ ಸಿಟ್ಟಾದ. ಇಂಥವರು ಇಲ್ಲ ಎಂದಾಗ ನಾನು ಮುಖ ನೋಡುವುದಿಲ್ಲ, ಚರ್ಮ ನೋಡುತ್ತೇನೆ.

ಕಾಲು ಹೋದವರಿಗಿಂತ ನನಗೆ ಹೆಚ್ಚು ಆತಂಕವಿರುವುದು ಹೊರಗೆ ಏನೂ ಕಾಣದ ಗಾಯಗಳವರ ಬಗ್ಗೆ. ಸ್ಫೋಟದ ಹೊಡೆತಕ್ಕೆ ಮಿದುಳು ಅಲುಗಿದವನು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಓಡುತ್ತಾನೆ, ತೂಕ ಎತ್ತುತ್ತಾನೆ. ಆದರೆ ನಿದ್ದೆ ಇಲ್ಲ, ಮಾತಿನ ನಡುವೆ ಎಳೆ ತಪ್ಪುತ್ತದೆ, ತಟ್ಟನೆ ತೀರ್ಮಾನಿಸಬೇಕಾದಲ್ಲಿ ಒಂದು ಗಳಿಗೆ ತಡವಾಗುತ್ತದೆ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಆಗುವ ಹಾನಿ ಬಹಳ ದೊಡ್ಡದು. ಮೊದಲ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯ ವೈದ್ಯ ರಿವರ್ಸ್ ಅವರ ಮುಂದೆ ಇದ್ದ ಸಂಕಟವೂ ಇಂಥದ್ದೇ. ಮನಸ್ಸು ಮುರಿದು ಬಂದ ಅಧಿಕಾರಿಗಳನ್ನು ಗುಣಪಡಿಸುವುದೆಂದರೆ ಅವರನ್ನು ಮತ್ತೆ ಕಂದಕಗಳಿಗೆ ಕಳುಹಿಸಲು ಸಿದ್ಧಮಾಡುವುದೇ ಆಗಿತ್ತು. ನೂರು ವರ್ಷ ಕಳೆದರೂ ನಮ್ಮ ವೃತ್ತಿಯ ಈ ಮುಳ್ಳು ಮೊಂಡಾಗಿಲ್ಲ.

ಇಷ್ಟೆಲ್ಲ ಇದ್ದೂ ಅವರೇಕೆ ಹೋಗಬೇಕೆನ್ನುತ್ತಾರೆ? ದೇಶ, ಕೀರ್ತಿ ಎಂಬ ಮಾತುಗಳನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಕಡಿಮೆ. 'ನನ್ನ ಹುಡುಗರು ಅಲ್ಲಿದ್ದಾರೆ' ಎನ್ನುತ್ತಾರೆ. ತಾನು ಹಾಸಿಗೆಯಲ್ಲಿ ಮಲಗಿರುವಾಗ ಜೊತೆಯವರು ಅಲ್ಲಿ ಕಾವಲು ನಿಂತಿದ್ದಾರೆ ಎಂಬುದು ಗಾಯಕ್ಕಿಂತ ಹೆಚ್ಚು ಕಾಡುತ್ತದೆ. ಈ ಹಂಬಲದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಪರೀಕ್ಷೆ ಕಟ್ಟುನಿಟ್ಟಾಗಿರಬೇಕು ಎನ್ನುವುದಕ್ಕೆ ಕಾರಣವೂ ಅದೇ ಹುಡುಗರು. ಅವನು ಬಿದ್ದರೆ ಹೊತ್ತು ತರಬೇಕಾದವರು ಅವರು. ಅವರು ಬಿದ್ದರೆ ಎಳೆದು ತರಬೇಕಾದವನು ಅವನು. ಹಾಗಾಗಿ ವೈದ್ಯಕೀಯ ಮಂಡಳಿ ಕೇಳಬೇಕಾದದ್ದು ಯಾವ ಅಂಗ ಇಲ್ಲ ಎಂಬುದನ್ನಲ್ಲ, ಯಾವ ಕೆಲಸ ಆಗುತ್ತದೆ ಎಂಬುದನ್ನು. ಪೂರ್ಣ ಹೊರೆಯೊಂದಿಗೆ ಏರು ಹತ್ತಬಲ್ಲನೇ? ಗಾಯಾಳುವನ್ನು ಎಳೆದುಕೊಂಡು ಮರೆಗೆ ತರಬಲ್ಲನೇ? ಸಿಕ್ಕಿಕೊಂಡ ಬಂದೂಕನ್ನು ಕತ್ತಲಲ್ಲಿ ಸರಿಪಡಿಸಬಲ್ಲನೇ? ಒಮ್ಮೆ ಮಾಡಿದರೆ ಸಾಲದು, ಮರುದಿನವೂ ಅದರ ಮರುದಿನವೂ ಮಾಡಬೇಕು. ರಿಯಾಯಿತಿ ಬೇಡ. ಹಾಗೆಯೇ ಅಂಗವಿಲ್ಲ ಎಂಬ ಕಾರಣಕ್ಕೆ ಉಳಿದವರಿಗಿಲ್ಲದ ಹೆಚ್ಚಿನ ಪರೀಕ್ಷೆಯೂ ಬೇಡ.

ಅವನೇ ಬಯಸಿದ್ದರೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೇನೆಗೆ ಜನ ಸಾಲದಾದಾಗ ಸ್ವಇಚ್ಛೆ ಎಂಬುದು ಬಲು ಬೇಗ ಅಗ್ಗವಾಗುತ್ತದೆ. ನಿವೃತ್ತನಾದರೆ ಮಕ್ಕಳ ಓದು ನಿಲ್ಲುತ್ತದೆ ಎಂಬ ಭಯವಿದ್ದವನು ಹೋಗುತ್ತೇನೆ ಎಂದರೆ, ಅದು ಅವನ ಬಯಕೆಯೋ ಮನೆಯ ಲೆಕ್ಕವೋ? ಪೂರ್ಣ ಪಿಂಚಣಿ, ಚಿಕಿತ್ಸೆ, ಜೀವಮಾನವಿಡೀ ಕೃತಕ ಅಂಗದ ರಿಪೇರಿ ಮತ್ತು ಬದಲಾವಣೆ, ಇಷ್ಟೂ ಅವನ ಕೈಗೆ ಮೊದಲು ಸಿಗಬೇಕು. ಮನೆಗೆ ಹೋಗುವ ದಾರಿ ಮರ್ಯಾದೆಯಿಂದ ತೆರೆದಿದ್ದಾಗ ಮಾತ್ರ ಅವನ 'ಹೋಗುತ್ತೇನೆ'ಯನ್ನು ನಾನು ನಂಬುತ್ತೇನೆ. ಹಾಗೆಯೇ ಮೊದಲ ವರ್ಷದಲ್ಲಿ ಎರಡೂ ಕಡೆಯ ತೀರ್ಮಾನ ಬೇಡ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸ್ಟಂಪ್ ಒಂದು ಆಕಾರಕ್ಕೆ ಬರಲು ಒಂದು ವರ್ಷವಾದರೂ ಹಿಡಿಯುತ್ತದೆ, ಮನಸ್ಸಿಗೆ ಅದಕ್ಕಿಂತ ಹೆಚ್ಚು.

ಸೇವೆ ಎಂದರೆ ಗುಂಡಿನ ಮುಂದೆ ನಿಲ್ಲುವುದು ಮಾತ್ರ ಎಂದುಕೊಳ್ಳುವುದೂ ತಪ್ಪು. ಅಮೆರಿಕದ ಸ್ಕಾಟ್ ಸ್ಮೈಲಿ 2005ರಲ್ಲಿ ಇರಾಕಿನ ಮೊಸುಲ್‌ನಲ್ಲಿ ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡರು. ಆದರೂ ಅವರು ಸೇನೆಯನ್ನು ಬಿಡಲಿಲ್ಲ. ಮುಂದೆ ಗಾಯಾಳು ಸೈನಿಕರದೇ ಒಂದು ಕಂಪನಿಯ ಮುಖ್ಯಸ್ಥರಾದರು. ಆ ಕೆಲಸಕ್ಕೆ ಅವರಿಗಿಂತ ತಕ್ಕವರು ಬೇರೆ ಯಾರಿದ್ದಾರು? ಮುಂಚೂಣಿಗೆ ಮರಳಿದವರ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತ, ಮರಳದವರು ಸೋತವರು ಎಂಬಂತೆ ಮಾಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಎರಡು ಊರುಗೋಲುಗಳ ನಡುವೆ ಮೊದಲ ಹತ್ತು ಹೆಜ್ಜೆ ಇಡಲು ಅವರೆಲ್ಲ ಪಟ್ಟ ಪಾಡನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಇಷ್ಟು ಹೇಳಿದ ಮೇಲೆ ಕೆಲವರು ಕೇಳುವುದುಂಟು: ನಿಮ್ಮ ಮಗನೇ ಆಗಿದ್ದರೆ? ಹೆದರುತ್ತೇನೆ. ಹೆದರಿದ್ದೇನೆ ಎಂದು ಅವನಿಗೆ ಹೇಳಿಯೂ ಹೇಳುತ್ತೇನೆ. ಆಮೇಲೆ ಅವನ ಪರೀಕ್ಷೆಯನ್ನು ನನ್ನನ್ನು ಅರಿಯದ ಬೇರೊಬ್ಬರು ನಡೆಸಲಿ ಎಂದು ಬರೆದುಕೊಡುತ್ತೇನೆ, ಅವರು ಕೊಟ್ಟ ತೀರ್ಪನ್ನು ಒಪ್ಪಿಕೊಳ್ಳುತ್ತೇನೆ.