ಹಳೇ ಬೈಕ್: ರೇಟ್ ನೋಡಬೇಕಾ, ಮೈಲೇಜ್ ನೋಡಬೇಕಾ?

ತಮ್ಮನಿಗೆ ಸೆಕೆಂಡ್ ಹ್ಯಾಂಡ್ ಬೈಕ್ ಹುಡುಕುತ್ತಿದ್ದೇವೆ. ಒಂದು ಸ್ಪ್ಲೆಂಡರ್, ಇನ್ನೊಂದು ಅದಕ್ಕಿಂತ 15,000 ರೂಪಾಯಿ ಕಡಿಮೆಗೆ ಸಿಗುವ 150 ಸಿಸಿ ಪಲ್ಸರ್. ಅವನ ಕಣ್ಣು ಪಲ್ಸರ್ ಮೇಲೆ. ಆದರೆ ಕೆಂಗೇರಿಯಿಂದ ಪೀಣ್ಯಕ್ಕೆ ಹೋಗಿಬರಲು ದಿನಕ್ಕೆ ಸುಮಾರು 40 ಕಿ.ಮೀ., 25 ದಿನಕ್ಕೆ 1,000 ಕಿ.ಮೀ. ಆಯ್ತು ಅಲ್ವಾ? ಲೀಟರ್‌ಗೆ 60 ಕಿ.ಮೀ. ಕೊಡುವ ಸ್ಪ್ಲೆಂಡರ್‌ಗೆ 17 ಲೀಟರ್ ಸಾಕು, 40 ಕೊಡುವ ಪಲ್ಸರ್‌ಗೆ 25 ಬೇಕು. ಪೆಟ್ರೋಲ್ 100 ರೂಪಾಯಿ ಅಂದುಕೊಂಡರೂ ತಿಂಗಳಿಗೆ 800 ರೂಪಾಯಿ ಜಾಸ್ತಿ, ಅಂದರೆ ಉಳಿಸಿದ ಆ 15,000 ಹತ್ತೊಂಬತ್ತು ತಿಂಗಳಲ್ಲಿ ಬಂಕ್‌ಗೆ ಹೋಗುತ್ತದೆ. ವಾರಕ್ಕೊಮ್ಮೆ ಓಡಿಸುವವರಾದರೆ ಕಡಿಮೆ ರೇಟಿನದೇ ತಗೊಳ್ಳಿ, ಸರಿ.

ಮೀಟರ್‌ನಲ್ಲಿರುವ ಕಿಲೋಮೀಟರನ್ನು ಮಾತ್ರ ಸುಮ್ನೆ ನಂಬಬೇಡಿ. ಫುಟ್‌ರೆಸ್ಟ್ ರಬ್ಬರ್, ಚೈನ್ ಸ್ಪ್ರಾಕೆಟ್ ಹಲ್ಲು ಎಷ್ಟು ಸವೆದಿವೆ ನೋಡಿ. ಬೆಳಿಗ್ಗೆಯೇ ಹೋಗಿ, ಇಂಜಿನ್ ತಣ್ಣಗಿದ್ದಾಗ ನೀವೇ ಸ್ಟಾರ್ಟ್ ಮಾಡಿ.